ನಮ್ಮ ಮುಲಾಮು, ನಾಯಿಯ ನಾಲಗೆ

ತುಮಕೂರಿನಲ್ಲಿ ನಮಗೆ ಪರಿಚಿತರಾದ ಹಿರಿಯರೊಬ್ಬರ ಮನೆಯಲ್ಲಿ ಒಂದು ನಾಯಿಯುಂಟು. ಅದು ಜಾತಿಯ ನಾಯಿಯಲ್ಲ. ಬೀದಿಯಲ್ಲಿ ಹುಟ್ಟಿ, ಮಳೆಗಾಲದ ಒಂದು ರಾತ್ರಿ ಜಗಲಿಯನ್ನೇರಿ ಬಂದು, ಅಲ್ಲಿಯೇ ನಿಂತುಬಿಟ್ಟ ಪ್ರಾಣಿ. ತೂಕ ಹನ್ನೆರಡು ಕಿಲೋಗ್ರಾಂ. ಹಿರಿಯರಿಗೆ ಬಹುಕಾಲದ ಮೊಣಕಾಲು ನೋವು. ಸಂಜೆ ದೀಪ ಹಚ್ಚಿದ ಮೇಲೆ ಜಗಲಿಯಲ್ಲಿ ಕುಳಿತು ಮೊಣಕಾಲಿಗೆ ಮುಲಾಮನ್ನು ತಿಕ್ಕಿಕೊಳ್ಳುವುದು ಅವರ ವಾಡಿಕೆ. ಅವರು ತಿಕ್ಕಿಕೊಂಡು ಮುಗಿಸಿದೊಡನೆ ಬಂದು, ಕಾಲ ಬಳಿ ಮಲಗಿ, ಆ ಮೊಣಕಾಲನ್ನೇ ನೆಕ್ಕುವುದು ನಾಯಿಯ ವಾಡಿಕೆ. “ಮೂಕಪ್ರಾಣಿಗೂ ನನ್ನ ನೋವು ತಿಳಿಯುತ್ತದೆ, ನೋಡಿ” ಎಂದು ಬಂದವರಿಗೆಲ್ಲ ಹೇಳಿ ಅವರು ಸಂತೋಷಪಡುತ್ತಿದ್ದರು. ನಾವೂ ಒಮ್ಮೆ ಅದನ್ನು ಕಂಡು ಮೆಚ್ಚಿಕೊಂಡುದುಂಟು.

ಕೆಲವು ವಾರಗಳು ಕಳೆಯುವಷ್ಟರಲ್ಲಿ ನಾಯಿ ಅನ್ನವನ್ನು ಬಿಟ್ಟಿತು. ಎರಡು ದಿನ ವಾಂತಿ ಮಾಡಿತು. ಮೂರನೆಯ ದಿನ ಅದರ ಮಲ ಡಾಂಬರಿನಂತೆ ಕಪ್ಪಗೆ, ಅಂಟಂಟಾಗಿ ಕಂಡಿತು. ಯಾರೋ ಆಗದವರು ವಿಷವಿಟ್ಟಿರಬೇಕೆಂದು ನೆರೆಹೊರೆಯವರು ಊಹಿಸಿದರು. ಕೋಳಿಯ ಮೂಳೆ ಕರುಳನ್ನು ಕೊಯ್ದಿರಬೇಕೆಂದು ಮನೆಯವರು ಊಹಿಸಿದರು. ನಾಯಿಯನ್ನು ಪಶುವೈದ್ಯರ ಬಳಿಗೆ ಒಯ್ದಾಗ ಅವರು ಹೊಟ್ಟೆಯನ್ನು ಮುಟ್ಟಿ ನೋಡಿದರು, ಒಸಡಿನ ಬಣ್ಣವನ್ನು ನೋಡಿದರು, ಏನು ತಿಂದಿತೆಂದು ಕೇಳಿದರು. ಕೊನೆಗೆ ಯಾರೂ ನಿರೀಕ್ಷಿಸದ ಪ್ರಶ್ನೆಯೊಂದನ್ನು ಹಾಕಿದರು: “ಯಜಮಾನರೆ, ನೀವು ಮೈಗೆ ಏನನ್ನಾದರೂ ಹಚ್ಚಿಕೊಳ್ಳುತ್ತೀರಾ?”

“ಮೊಣಕಾಲಿಗೆ ಒಂದು ಮುಲಾಮು ಹಚ್ಚಿಕೊಳ್ಳುತ್ತೇನೆ, ಸ್ವಾಮಿ. ನಾಯಿಗೆ ಏನನ್ನೂ ಹಚ್ಚಿಲ್ಲ.”

“ಅದನ್ನು ನಾಯಿ ನೆಕ್ಕುತ್ತದೆಯೆ?”

ಹಿರಿಯರು ಮಾತನಾಡಲಿಲ್ಲ.

ಮನುಷ್ಯನ ಚರ್ಮಕ್ಕೆ ಹಿತವಾದ ವಸ್ತುಗಳು ನಾಯಿಗೆ ಅಹಿತವೆ ಎಂಬ ಪ್ರಶ್ನೆಯನ್ನು ಸಾಮಾನ್ಯವಾಗಿ ಒಂದೇ ಮಗ್ಗುಲಿನಿಂದ ಕೇಳುವುದು ರೂಢಿ: ನಮ್ಮ ಎಣ್ಣೆಯನ್ನು, ಸಾಬೂನನ್ನು, ಲೇಪವನ್ನು ನಾಯಿಯ ಮೈಗೆ ಹಚ್ಚಬಹುದೆ? ಆದರೆ ಮುಖ್ಯವಾದ ಮಗ್ಗುಲು ಇನ್ನೊಂದು. ನಾಯಿಗೆ ಹಚ್ಚಿದುದಾಗಲಿ, ನಮಗೆ ಹಚ್ಚಿಕೊಂಡುದಾಗಲಿ, ಮೂಲೆಯಲ್ಲಿ ಇಟ್ಟು ಮರೆತ ಕೊಳವೆಯಲ್ಲಿರುವುದಾಗಲಿ, ನಾಯಿಯ ಪಾಲಿಗೆ ಇವೆಲ್ಲ ಆಹಾರವೇ. ಚರ್ಮಕ್ಕೆಂದು ಮಾಡಿದ ಯಾವ ವಸ್ತುವೂ ನಾಯಿಯಿರುವ ಮನೆಯಲ್ಲಿ ಚರ್ಮದ ಮೇಲಷ್ಟೇ ಉಳಿಯುವುದಿಲ್ಲ. ಅದು ಹೊಟ್ಟೆಗೆ ಸೇರುತ್ತದೆ.

ಹಾಗೆಂದು ಚರ್ಮವನ್ನು ಬಿಟ್ಟುಬಿಡುವಂತಿಲ್ಲ. ನಮ್ಮ ಹೊರಚರ್ಮದಲ್ಲಿ ಜೀವಕೋಶಗಳ ಹತ್ತು ಹದಿನೈದು ಪದರಗಳಿದ್ದರೆ ನಾಯಿಯ ಹೊರಚರ್ಮದಲ್ಲಿ ಇರುವುದು ಮೂರರಿಂದ ಐದು. ದಟ್ಟವಾದ ಕೂದಲೇ ಅದರ ಮೇಲುಹೊದಿಕೆಯಾದುದರಿಂದ ಒಳಗಿನ ಚರ್ಮ ದಪ್ಪವಾಗಬೇಕಾದ ಅಗತ್ಯ ಬೀಳಲಿಲ್ಲ. ನಮ್ಮ ಚರ್ಮದ ಮೇಲ್ಮೈ ಸ್ವಲ್ಪ ಹುಳಿ, ಎಂದರೆ ಆಮ್ಲೀಯ; ನಾಯಿಯದು ಹೆಚ್ಚುಕಡಿಮೆ ತಟಸ್ಥ. ಆದುದರಿಂದ ನಮ್ಮ ಚರ್ಮಕ್ಕೆಂದು ಹದಗೊಳಿಸಿದ ಸಾಬೂನಿನಲ್ಲಿ ನಾಯಿಯನ್ನು ಪದೇ ಪದೇ ತೊಳೆದರೆ ಅದರ ಚರ್ಮ ಒಣಗಿ ಹೊಟ್ಟೇಳುತ್ತದೆ, ನಾಯಿ ಕೆರೆದುಕೊಳ್ಳುತ್ತದೆ. ಕೆರೆತ ಕಂಡು ಮನೆಯವರು ಮತ್ತೆ ಏನನ್ನಾದರೂ ಹಚ್ಚುತ್ತಾರೆ, ನಾಯಿ ಅದನ್ನು ನೆಕ್ಕುತ್ತದೆ. ತೊಂದರೆ ಅಲ್ಲಿಂದ ಮುಂದಕ್ಕೆ ಸಾಗುತ್ತದೆ.

ಈಗ ಹಿರಿಯರ ಮೊಣಕಾಲಿಗೆ ಹಿಂದಿರುಗೋಣ. ನಮ್ಮ ಔಷಧಾಂಗಡಿಗಳಲ್ಲಿ ನೋವಿಗೆಂದು ಮಾರುವ ಮುಲಾಮುಗಳಲ್ಲಿ ಬಹು ಸಾಮಾನ್ಯವಾದ ಪಾಕ ಯಾವುದೆಂದರೆ, ಡೈಕ್ಲೋಫೆನಾಕ್ ಶೇಕಡಾ ೧ರ ಸುಮಾರು, ಮಿಥೈಲ್ ಸ್ಯಾಲಿಸಿಲೇಟ್ ಶೇಕಡಾ ೧೦, ಮೆಂಥಾಲ್ ಶೇಕಡಾ ೫, ಜೊತೆಗೆ ಸ್ವಲ್ಪ ಅಗಸೆ ಎಣ್ಣೆ. ಎರಡು ಗ್ರಾಂ ಮುಲಾಮನ್ನು ಮೊಣಕಾಲಿಗೆ ಹಚ್ಚಿದರೆ ಅದರಲ್ಲಿ ೨೦ ಮಿಲಿಗ್ರಾಂ ಡೈಕ್ಲೋಫೆನಾಕ್, ೨೦೦ ಮಿಲಿಗ್ರಾಂ ಮಿಥೈಲ್ ಸ್ಯಾಲಿಸಿಲೇಟ್ ಇರುತ್ತದೆ. ಅರ್ಧವನ್ನು ನಾಯಿ ನೆಕ್ಕಿತೆಂದು ಇಟ್ಟುಕೊಳ್ಳೋಣ. ಹನ್ನೆರಡು ಕಿಲೋಗ್ರಾಂ ತೂಕದ ಪ್ರಾಣಿಗೆ ಕಿಲೋಗ್ರಾಮಿಗೆ ಸುಮಾರು ೦.೮ ಮಿಲಿಗ್ರಾಂ ಡೈಕ್ಲೋಫೆನಾಕ್ ಸಿಕ್ಕಿತು. ಅರುವತ್ತು ಕಿಲೋಗ್ರಾಂ ತೂಕದ ಮನುಷ್ಯ ಐವತ್ತು ಮಿಲಿಗ್ರಾಮಿನ ಒಂದು ಮಾತ್ರೆ ನುಂಗಿದಾಗ ಅವನಿಗೆ ಸಿಗುವುದೂ ಅಷ್ಟೇ. ಎಂದರೆ, ಆ ನಾಯಿ ಪ್ರತಿ ಸಂಜೆಯೂ ತನ್ನ ಯಜಮಾನನ ಮೊಣಕಾಲಿನ ಮೇಲಿಂದ ಒಂದು ಪೂರ್ಣ ಮಾತ್ರೆಯನ್ನೇ ತೆಗೆದುಕೊಳ್ಳುತ್ತಿದ್ದಿತು. ಅದೂ ಬಹುಕಾಲ, ಬರಿಯ ಹೊಟ್ಟೆಯಲ್ಲಿ. ಮೆಂಥಾಲಿನ ಘಾಟು ನಾಯಿಯನ್ನು ದೂರವಿಡುತ್ತದೆ ಎಂಬ ಮಾತುಂಟು. ಎಲ್ಲ ನಾಯಿಗಳೂ ಆ ಮಾತನ್ನು ಕೇಳಿಸಿಕೊಂಡಿಲ್ಲ.

ಜಠರದ ಒಳಗೋಡೆ ತನ್ನ ಆಮ್ಲದಿಂದ ತಾನೇ ಸುಡದಂತೆ ಲೋಳೆಯ ಪೊರೆಯೊಂದು ಅದನ್ನು ಕಾಯುತ್ತದೆ. ಆ ಪೊರೆ ಸರಿಯಾಗಿ ಉತ್ಪತ್ತಿಯಾಗಬೇಕಾದರೆ ಪ್ರೊಸ್ಟಾಗ್ಲಾಂಡಿನ್ ಎಂಬ ವಸ್ತುಗಳು ಬೇಕು. ನೋವನ್ನೂ ಉರಿಯೂತವನ್ನೂ ಹುಟ್ಟಿಸುವುದರಲ್ಲಿಯೂ ಅದೇ ಕುಲದ ವಸ್ತುಗಳ ಕೈವಾಡವುಂಟು. ಡೈಕ್ಲೋಫೆನಾಕ್ ಆಗಲಿ ಸ್ಯಾಲಿಸಿಲೇಟ್ ಆಗಲಿ ನೋವನ್ನು ತಡೆಯುವುದು ಈ ಪ್ರೊಸ್ಟಾಗ್ಲಾಂಡಿನ್‌ಗಳ ತಯಾರಿಕೆಯನ್ನೇ ತಡೆದು. ಕೆಟ್ಟದ್ದರ ಜೊತೆಗೆ ಒಳ್ಳೆಯದೂ ನಿಲ್ಲುತ್ತದೆ. ಜಠರ ಹುಣ್ಣಾಗುತ್ತದೆ, ಹುಣ್ಣಿನಿಂದ ಒಸರಿದ ರಕ್ತ ಕರುಳಿನಲ್ಲಿ ಜೀರ್ಣವಾಗಿ ಕಪ್ಪು ಮಲವಾಗಿ ಹೊರಬೀಳುತ್ತದೆ. ಮೂತ್ರಪಿಂಡಕ್ಕೆ ಹರಿಯುವ ರಕ್ತವನ್ನು ಹದದಲ್ಲಿಡುವುದೂ ಇವುಗಳದೇ ಕೆಲಸವಾದುದರಿಂದ ಅಲ್ಲಿಯೂ ಪೆಟ್ಟು ಬೀಳುವುದುಂಟು. ಮನುಷ್ಯನಲ್ಲಿಯೂ ಇದೆಲ್ಲ ನಡೆಯುತ್ತದೆ. ಆದರೆ ನಾಯಿ ಈ ಬಗೆಯ ಔಷಧಗಳಿಗೆ ನಮಗಿಂತ ಬೇಗ ಸೋಲುತ್ತದೆ. ಯಕೃತ್ತು ಹೊರಹಾಕಿದ ಔಷಧ ಪಿತ್ತದೊಡನೆ ಕರುಳಿಗೆ ಇಳಿದು, ಅಲ್ಲಿಂದ ಮತ್ತೆ ರಕ್ತಕ್ಕೆ ಹೀರಲ್ಪಟ್ಟು, ಸುತ್ತು ಹಾಕುತ್ತಲೇ ಇರುವುದು ಇದಕ್ಕೆ ಒಂದು ಕಾರಣ.

ಒಂದೇ ಔಷಧ ಒಂದೊಂದು ಪ್ರಾಣಿಯ ಮೈಯಲ್ಲಿ ಒಂದೊಂದು ಕಾಲ ಉಳಿಯುತ್ತದೆ. ಸಣ್ಣ ಪ್ರಮಾಣದ ಸ್ಯಾಲಿಸಿಲೇಟ್ ಮನುಷ್ಯನ ರಕ್ತದಲ್ಲಿ ಎರಡು ಮೂರು ಗಂಟೆಗಳಲ್ಲಿ ಅರ್ಧಕ್ಕಿಳಿಯುತ್ತದೆ. ನಾಯಿಯಲ್ಲಿ ಅದಕ್ಕೆ ಸುಮಾರು ೮ ಗಂಟೆ, ಬೆಕ್ಕಿನಲ್ಲಿ ಸುಮಾರು ಒಂದೂವರೆ ದಿನ ಬೇಕು. ಕೆಲವು ರಾಸಾಯನಿಕಗಳನ್ನು ನಿರ್ವಿಷಗೊಳಿಸಲು ನಮ್ಮ ಯಕೃತ್ತಿನಲ್ಲಿರುವ ಒಂದು ಕಿಣ್ವ ನಾಯಿಯ ವಂಶದಲ್ಲಿ ಇಲ್ಲವೇ ಇಲ್ಲ. ಅದನ್ನು ತಯಾರಿಸುವ ವಂಶವಾಹಿಗಳೇ ನಾಯಿಗಿಲ್ಲವೆಂದು ಕಂಡುಬಂದಿದೆ. ಹೀಗಿರುವಾಗ “ನನಗೆ ಏನೂ ಆಗಲಿಲ್ಲ” ಎಂಬುದು ಸಾಕ್ಷ್ಯವಾಗಲಾರದು.

ಈ ಮಾತಿಗೆ ದೊಡ್ಡ ನಿದರ್ಶನವೊಂದು ನಮ್ಮ ಸಮೀಪದಲ್ಲಿಯೇ ಇದೆ. ಕುಣಿಗಲ್ಲಿನಿಂದ ಮಾಗಡಿಯ ಹಾದಿಯಾಗಿ ಹೋದರೆ ರಾಮನಗರ. ಅಲ್ಲಿನ ರಾಮದೇವರ ಬೆಟ್ಟದ ಬಂಡೆಗಳಲ್ಲಿ ರಣಹದ್ದುಗಳು ಗೂಡುಕಟ್ಟುತ್ತವೆ. ೨೦೧೨ರಲ್ಲಿ ಆ ಬೆಟ್ಟವನ್ನು ರಣಹದ್ದುಗಳ ಧಾಮವೆಂದು ಘೋಷಿಸಲಾಯಿತು. ೧೯೯೦ರ ದಶಕದಿಂದ ಇಂಡಿಯಾದ ರಣಹದ್ದುಗಳ ಕೆಲವು ಜಾತಿಗಳು ನೂರಕ್ಕೆ ತೊಂಬತ್ತೈದಕ್ಕೂ ಮೀರಿ ನಶಿಸಿದುವು. ಕಾರಣವನ್ನು ೨೦೦೪ರಲ್ಲಿ ವಿಜ್ಞಾನಿಗಳು ಪ್ರಕಟಿಸಿದರು: ದನಗಳಿಗೆ ನೋವಿಗೆಂದು ಕೊಡುತ್ತಿದ್ದ ಡೈಕ್ಲೋಫೆನಾಕ್! ದನ ಅದನ್ನು ತಾಳಿಕೊಂಡಿತು. ದನದ ಹೆಣವನ್ನು ತಿಂದ ರಣಹದ್ದು ಮೂತ್ರಪಿಂಡ ಕೆಟ್ಟು ಸತ್ತಿತು. ೨೦೦೬ರಲ್ಲಿ ಈ ಔಷಧವನ್ನು ಪಶುಗಳಿಗಾಗಿ ತಯಾರಿಸುವುದನ್ನು ಸರ್ಕಾರ ನಿಷೇಧಿಸಿತು. ಮನುಷ್ಯರ ಮುಲಾಮಿನಲ್ಲಿ ಅದು ಮುಂದುವರಿದಿದೆ. ಮುಂದುವರಿಯುವುದು ನ್ಯಾಯವೂ ಹೌದು. ಆ ಮುಲಾಮು ಹಚ್ಚಿದ ಕಾಲನ್ನು ನಾಯಿಯ ಮುಂದೆ ಚಾಚುವುದಷ್ಟೇ ತಪ್ಪು.

ಗಾತ್ರದ ಮಾತನ್ನೂ ಇಲ್ಲಿ ಸೇರಿಸಬೇಕು. ಹೈದರಾಲಿ ಟಿಪ್ಪುಗಳ ಕಾಲದಿಂದ ಕುಣಿಗಲ್ ಕುದುರೆಗಳ ಸಾಕಣೆಗೆ ಹೆಸರಾದ ಊರು. ಕುದುರೆಯ ಉಳುಕಿದ ಕಾಲಿಗೆ ಘಾಟಾದ ತೈಲಗಳನ್ನು ತಿಕ್ಕುವುದು ಎಲ್ಲ ಲಾಯಗಳಲ್ಲಿಯೂ ಇರುವ ಪದ್ಧತಿ. ಕುದುರೆ ೪೫೦ ಕಿಲೋಗ್ರಾಂ ತೂಗುತ್ತದೆ, ಲಾಯದ ಬಾಗಿಲಲ್ಲಿ ಮಲಗುವ ನಾಯಿ ಹದಿನೈದು. ಅದಕ್ಕೂ ಇದಕ್ಕೂ ಮೂವತ್ತು ಪಾಲಿನ ಅಂತರ. ಕುದುರೆಗೆ ಒಂದು ಚಿಟಿಕೆಯಾದುದು ನಾಯಿಗೆ ಒಂದು ಹಿಡಿ.

ತೆಂಗಿನ ಸೀಮೆಯಾದ ಗುಬ್ಬಿ ತಾಲ್ಲೂಕಿನಲ್ಲಿ ಚರ್ಮದ ಔಷಧವೆಂದರೆ ಮೊದಲು ಕೊಬ್ಬರಿ ಎಣ್ಣೆ. ಬಾಣಂತಿಗೂ ಅದೇ, ಮಗುವಿಗೂ ಅದೇ, ಕಜ್ಜಿ ಹತ್ತಿದ ನಾಯಿಗೂ ಅದೇ. ಶುದ್ಧವಾದ ಕೊಬ್ಬರಿ ಎಣ್ಣೆಯ ಮೇಲೆ ನಮ್ಮ ದೂರೇನೂ ಇಲ್ಲ. ಬಹಳವಾಗಿ ನೆಕ್ಕಿದರೆ ಭೇದಿಯಾದೀತು, ಕೊಬ್ಬನ್ನು ಅರಗಿಸಲಾರದ ನಾಯಿಗಳಲ್ಲಿ ಮೇದೋಜೀರಕ ಗ್ರಂಥಿ ಉರಿಗೊಳ್ಳುವುದೂ ಉಂಟು, ಅಷ್ಟೆ. ಆದರೆ ಕೊಬ್ಬರಿ ಎಣ್ಣೆ ಒಂಟಿಯಾಗಿ ಹೋಗುವುದು ಕಡಿಮೆ. ಉಣ್ಣಿಗೆ, ಕಜ್ಜಿಗೆ, ತುರಿಕೆಗೆ ಅದರಲ್ಲಿ ಕರ್ಪೂರವನ್ನು ಕರಗಿಸುವುದು ನಮ್ಮ ಕಡೆಯ ಮನೆಮದ್ದು. ದೇವರ ಮುಂದೆ ಉರಿಯುವ ವಸ್ತು ವಿಷವಾದೀತೆಂದು ಯಾರೂ ಎಣಿಸುವುದಿಲ್ಲ. ಕರ್ಪೂರ ನರಮಂಡಲದ ವಿಷ. ಒಂದು ಗ್ರಾಮಿನಷ್ಟು ಕರ್ಪೂರ ಹೊಟ್ಟೆಗೆ ಸೇರಿ ಎಳೆಯ ಮಕ್ಕಳು ಸತ್ತ ಉದಾಹರಣೆಗಳು ವೈದ್ಯ ಗ್ರಂಥಗಳಲ್ಲಿವೆ. ಅಮೆರಿಕದಲ್ಲಿ ೧೯೮೦ರ ದಶಕದಲ್ಲಿ, ಮೈಗೆ ಹಚ್ಚುವ ಔಷಧಗಳಲ್ಲಿ ಕರ್ಪೂರ ಶೇಕಡಾ ೧೧ನ್ನು ಮೀರಕೂಡದೆಂದು ನಿಯಮ ಮಾಡಿದರು. ಎಣ್ಣೆಯಲ್ಲಿ ಕರಗಿದ ಕರ್ಪೂರ ಇನ್ನೂ ಬೇಗ ರಕ್ತಕ್ಕೆ ಸೇರುತ್ತದೆ. ಗೀರಿದ, ಹುಣ್ಣಾದ ಚರ್ಮದ ಮೂಲಕ ಒಳಹೋಗಲು ಅದಕ್ಕೆ ತಡೆಯೇ ಇಲ್ಲ. ಕಜ್ಜಿ ಹತ್ತಿದ ನಾಯಿಯ ಚರ್ಮವಾದರೋ ಗೀರು ಹುಣ್ಣುಗಳ ಸಮೂಹ. ಅದರ ಮೇಲೆ ನಾಯಿ ನೆಕ್ಕಿಯೂ ನೆಕ್ಕುತ್ತದೆ. ಅರ್ಧ ಗಂಟೆಯೊಳಗೆ ಜೊಲ್ಲು, ನಡುಕ, ಆಮೇಲೆ ಸೆಳೆತ ಕಾಣಿಸಬಹುದು. “ಕಜ್ಜಿ ತಲೆಗೇರಿ ಸತ್ತಿತು” ಎಂದು ಹಳ್ಳಿಗಳಲ್ಲಿ ಹೇಳುವ ನಾಯಿಗಳ ಸಾವಿನಲ್ಲಿ ಔಷಧದ ಪಾಲೆಷ್ಟು ಎಂಬ ಶಂಕೆ ನಮಗಿದೆ.

ಇದಕ್ಕಿಂತಲೂ ಕ್ರೂರವಾದುವು ಸೀಮೆಎಣ್ಣೆ ಮತ್ತು ವಾಹನಗಳಿಂದ ಬಸಿದ ಸುಟ್ಟ ಎಂಜಿನ್ ಎಣ್ಣೆ. ಕಜ್ಜಿಯ ನಾಯಿಗೆ ಇವನ್ನು ಬಳಿಯುವುದನ್ನು ನಾವು ಕಂಡಿದ್ದೇವೆ. ಬಳಿಯುವವರ ತರ್ಕ ಪೂರ್ತಿ ತಪ್ಪಲ್ಲ. ಕಜ್ಜಿಗೆ ಕಾರಣ ಚರ್ಮದಲ್ಲಿ ಬಿಲ ಕೊರೆಯುವ, ಕಣ್ಣಿಗೆ ಕಾಣದಷ್ಟು ಸಣ್ಣ ನುಸಿ. ೧೬೮೭ರಲ್ಲಿಯೇ ಇಟಲಿಯ ಬೊನೊಮೊ ಮತ್ತು ಚೆಸ್ಟೋನಿ ಎಂಬವರು ಮನುಷ್ಯನ ಕಜ್ಜಿಯಿಂದ ಅಂಥ ನುಸಿಯನ್ನು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡಿ ವರ್ಣಿಸಿದ್ದರು. ಎಣ್ಣೆ ಬಳಿದರೆ ನುಸಿಗೆ ಉಸಿರು ಕಟ್ಟುತ್ತದೆ ಎಂಬುದು ಬಳಿಯುವವರ ಎಣಿಕೆ. ಆದರೆ ಸೀಮೆಎಣ್ಣೆ ನುಸಿಗಿಂತ ಮೊದಲು ಚರ್ಮವನ್ನು ಸುಡುತ್ತದೆ. ನೆಕ್ಕಿದ ನಾಯಿ ವಾಂತಿ ಮಾಡಿದಾಗ ಆ ತೆಳು ಎಣ್ಣೆ ಗಾಳಿಕೊಳವೆಗೆ ಇಳಿದು ಶ್ವಾಸಕೋಶವನ್ನೇ ಕೆಡಿಸುತ್ತದೆ. ಸುಟ್ಟ ಎಂಜಿನ್ ಎಣ್ಣೆಯಲ್ಲಿ ಇವುಗಳ ಜೊತೆಗೆ ಲೋಹಗಳ ಕಲ್ಮಷವೂ ಇರುತ್ತದೆ. ಈಗ ಒಂದು ಮಾತ್ರೆಯಿಂದ ಕೆಲವು ವಾರಗಳವರೆಗೆ ನುಸಿಯನ್ನೂ ಉಣ್ಣಿಯನ್ನೂ ಕೊಲ್ಲುವ ಔಷಧಗಳು ೨೦೧೪ರ ಈಚೆಗೆ ಬಳಕೆಗೆ ಬಂದಿರುವಾಗ, ಈ ಹಿಂಸೆಗೆ ಯಾವ ಸಮರ್ಥನೆಯೂ ಉಳಿದಿಲ್ಲ.

ಮನೆಯ ಉಳಿದ ವಸ್ತುಗಳನ್ನು ಬೇಗ ನೋಡಿ ಮುಗಿಸೋಣ. ಅರಿಸಿನ ನಾಯಿಗೆ ಬಣ್ಣ ಕೊಡುತ್ತದೆ, ಕೇಡು ಮಾಡುವುದಿಲ್ಲ. ಬೇವಿನ ಸೊಪ್ಪು ಕುದಿಸಿದ ನೀರು ನಿರಪಾಯ. ಬೇವಿನೆಣ್ಣೆಯಾಗಲಿ ಹೊಂಗೆಯೆಣ್ಣೆಯಾಗಲಿ ನೀರು ಬೆರೆಸದೆ ಹಚ್ಚಿದರೆ ಚರ್ಮ ಉರಿಯುತ್ತದೆ, ನೆಕ್ಕಿದರೆ ಜೊಲ್ಲು ವಾಂತಿಗಳು ತಪ್ಪುವುದಿಲ್ಲ. ಹರಳೆಣ್ಣೆ ಭೇದಿ ಮಾಡಿಸುವುದಕ್ಕೆ ನಿಲ್ಲುತ್ತದೆ. ಹರಳಿನ ಘೋರ ವಿಷವಾದ ರಿಸಿನ್ ನೀರಿನಲ್ಲಿ ಕರಗುವ ವಸ್ತುವಾದುದರಿಂದ ಎಣ್ಣೆಗೆ ಬರದೆ ಹಿಂಡಿಯಲ್ಲಿ ಉಳಿಯುತ್ತದೆ. ಗೊಬ್ಬರವೆಂದು ಗಿಡಗಳ ಬುಡಕ್ಕೆ ಹಾಕುವ ಆ ಹಿಂಡಿಯನ್ನು ನಾಯಿಗಳು ಆಸೆಯಿಂದ ತಿನ್ನುತ್ತವೆ ಎಂಬುದು ಎಣ್ಣೆಗಿಂತ ಹೆಚ್ಚು ಚಿಂತಿಸಬೇಕಾದ ಸಂಗತಿ. ಲೋಳೆಸರದ ತಿಳಿಲೋಳೆಯಲ್ಲಿ ದೋಷವಿಲ್ಲ. ಎಲೆಯನ್ನು ಕೊಯ್ದಾಗ ಸಿಪ್ಪೆಯ ಅಡಿಯಿಂದ ಒಸರುವ ಹಳದಿ ರಸದಲ್ಲಿ ಬಲವಾದ ವಿರೇಚಕಗಳಿವೆ. ಎಲೆಯನ್ನು ಹಾಗೆಯೇ ಉಜ್ಜುವವರು ಇದನ್ನು ಮರೆಯುತ್ತಾರೆ. ಕೂದಲುದುರುವುದಕ್ಕೆ ಈರುಳ್ಳಿಯ ರಸ, ಕಿವಿನೋವಿಗೆ ಬೆಳ್ಳುಳ್ಳಿ ಕಾಯಿಸಿದ ಎಣ್ಣೆ ನಮ್ಮಲ್ಲಿ ಹಳೆಯ ಮದ್ದುಗಳು. ಇವೆರಡರಲ್ಲಿರುವ ಗಂಧಕದ ಸಂಯುಕ್ತಗಳು ನಾಯಿಯ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ. ಕಿಲೋಗ್ರಾಂ ತೂಕಕ್ಕೆ ಹದಿನೈದರಿಂದ ಮೂವತ್ತು ಗ್ರಾಂ ಈರುಳ್ಳಿ ನಾಯಿಯನ್ನು ರಕ್ತಹೀನವಾಗಿಸಬಲ್ಲುದು. ತಲೆಗೆ ಹಚ್ಚಿದ ರಸದಿಂದ ಅಷ್ಟು ಹೋಗುವುದಿಲ್ಲ. ಹಿಂಡಿ ಎಸೆದ ಚರಟದಿಂದ ಹೋದೀತು.

ಗುಬ್ಬಿಯೆಂದೊಡನೆ ನಾಟಕದ ನೆನಪಾಗದ ಕನ್ನಡಿಗನಿಲ್ಲ. ೧೮೮೪ರಲ್ಲಿ ಆ ಊರಿನಲ್ಲಿ ಹುಟ್ಟಿ, ಗುಬ್ಬಿ ವೀರಣ್ಣನವರ ಕೈಯಲ್ಲಿ ಬೆಳೆದ ಕಂಪೆನಿ ಕನ್ನಡ ನಾಡಿನಲ್ಲೆಲ್ಲ ಸಂಚರಿಸಿತು. ಬಣ್ಣದ ಕೋಣೆಗಳಲ್ಲಿ ಸಫೇದ ಎನ್ನುವ ಬಿಳಿಯ ಪುಡಿಯುಂಟಷ್ಟೆ; ಅದು ಸತುವಿನ ಆಕ್ಸೈಡು. ರಂಗದ ಮೇಲೆ ಕಾಣುತ್ತಿದ್ದ ಆ ಬಿಳುಪು ಇಂದು ಬೇರೆ ಬೇರೆ ಹೆಸರುಗಳಿಂದ ಎಲ್ಲರ ಮನೆಗೂ ಬಂದಿದೆ: ಬೆವರುಸಾಲೆಗೆ ಹಚ್ಚುವ ನಸುಗೆಂಪು ಕ್ಯಾಲಮೈನ್ ದ್ರವದಲ್ಲಿ, ಮಗುವಿನ ತೊಡೆಸಂದಿನ ಕೆಂಪಿಗೆ ಹಚ್ಚುವ ಮುಲಾಮಿನಲ್ಲಿ, ಬಿಸಿಲಿಗೆಂದು ಮುಖಕ್ಕೆ ಬಳಿಯುವ ಲೇಪದಲ್ಲಿ. ಮಗುವಿನ ಮುಲಾಮಿನಲ್ಲಿ ಅದು ಶೇಕಡಾ ೧೦ರಿಂದ ೪೦ರವರೆಗೆ ಇರುವುದುಂಟು. ನಾಯಿ ಇದನ್ನು ಒಮ್ಮೆ ತಿಂದರೆ ಸಾಮಾನ್ಯವಾಗಿ ವಾಂತಿಯಾಗಿ ಹೋಗುತ್ತದೆ. ತನ್ನ ಹುಣ್ಣಿಗೆ ಮನೆಯವರು ದಿನವೂ ಹಚ್ಚುವ ಮುಲಾಮನ್ನು ದಿನವೂ ನೆಕ್ಕುತ್ತ ಬಂದರೆ ಮಾತು ಬೇರೆ: ಜಠರದ ಆಮ್ಲದಲ್ಲಿ ಕರಗಿದ ಸತು ರಕ್ತಕ್ಕೆ ಸೇರಿ ಕೆಂಪು ಕಣಗಳನ್ನು ಒಡೆಯತೊಡಗುತ್ತದೆ, ಒಸಡು ಬಿಳಿಚಿಕೊಳ್ಳುತ್ತದೆ, ಮೂತ್ರ ಕಂದಾಗುತ್ತದೆ.

ಇದುವರೆಗೆ ಹೇಳಿದುವು ಬಹುಮಟ್ಟಿಗೆ ಮೆಲ್ಲನೆ ಕೆಡಿಸುವ ವಸ್ತುಗಳು. ಒಂದೇ ಸಲಕ್ಕೆ ಕೊಲ್ಲಬಲ್ಲ ಎರಡು ಮುಲಾಮುಗಳು ವೈದ್ಯರ ಚೀಟಿಯ ಮೇಲೆ ಮನೆಗೆ ಬರುತ್ತವೆ. ಒಂದು, ಸೋರಿಯಾಸಿಸ್ ಎಂಬ ಚರ್ಮರೋಗಕ್ಕೆ ಕೊಡುವ ಕ್ಯಾಲ್ಸಿಪೊಟ್ರಯಾಲ್. ಇದು ಡಿ ಜೀವಸತ್ವದ ಸಂಬಂಧಿ. ನಮ್ಮ ಚರ್ಮ ಬಿಸಿಲಿನಲ್ಲಿ ಡಿ ಜೀವಸತ್ವವನ್ನು ತಾನೇ ತಯಾರಿಸಿಕೊಳ್ಳುತ್ತದೆ. ನಾಯಿಯ ಚರ್ಮಕ್ಕೆ ಸಾಕಷ್ಟು ತಯಾರಿಸುವ ಶಕ್ತಿಯಿಲ್ಲ, ಅದು ಆಹಾರದಿಂದಲೇ ಪಡೆಯಬೇಕು. ಬೇಕಾದುದು ಬಹು ಸ್ವಲ್ಪ. ಮಿತಿ ಮೀರಿದರೆ ರಕ್ತದಲ್ಲಿ ಸುಣ್ಣದ ಅಂಶ ಏರಿ, ಮೂತ್ರಪಿಂಡ, ಹೃದಯ, ರಕ್ತನಾಳಗಳ ಗೋಡೆಗಳಲ್ಲಿ ಅಕ್ಷರಶಃ ಗಾರೆಯಂತೆ ಕೂರುತ್ತದೆ. ಈ ಮುಲಾಮಿನ ಬಲ ಶೇಕಡಾ ೦.೦೦೫, ಎಂದರೆ ಒಂದು ಗ್ರಾಮಿನಲ್ಲಿ ೫೦ ಮೈಕ್ರೊಗ್ರಾಂ. ಕೇಳಲು ಇದು ಏನೂ ಅಲ್ಲವೆನಿಸುತ್ತದೆ. ಆದರೆ ನಾಯಿಗೆ ಕಿಲೋಗ್ರಾಮಿಗೆ ೧೦ ಮೈಕ್ರೊಗ್ರಾಂ ಸೇರಿದರೆ ರೋಗಲಕ್ಷಣಗಳು ತೋರುತ್ತವೆ, ೬೫ ಮೈಕ್ರೊಗ್ರಾಂ ಸೇರಿ ಸತ್ತುದುಂಟು. ಹದಿನೈದು ಕಿಲೋಗ್ರಾಮಿನ ನಾಯಿಗೆ ಲೆಕ್ಕ ಹಾಕಿರಿ: ಮೂರು ಗ್ರಾಂ ಮುಲಾಮು ರೋಗಕ್ಕೆ ಸಾಕು, ಇಪ್ಪತ್ತು ಗ್ರಾಂ ಸಾವಿಗೆ. ಮೂವತ್ತು ಗ್ರಾಮಿನ ಒಂದು ಕೊಳವೆಯನ್ನು ನಾಯಿಮರಿಯೊಂದು ಆಟವಾಡುತ್ತ ಹತ್ತು ನಿಮಿಷಗಳಲ್ಲಿ ಅಗಿದು ಮುಗಿಸುತ್ತದೆ. ಮೊದಲ ದಿನ ಏನೂ ಕಾಣದಿರಬಹುದು. ವಾಂತಿ, ನಿಶ್ಶಕ್ತಿ, ಅತಿಯಾದ ನೀರಡಿಕೆಗಳು ಕಾಣುವ ವೇಳೆಗೆ ಒಂದೆರಡು ದಿನ ಕಳೆದಿರುತ್ತದೆ. ಬೆಲೆಯುಳ್ಳ ಸಮಯ ಕೈಬಿಡುವುದು ಹೀಗೆ.

ಎರಡನೆಯದು, ಚರ್ಮದ ಅರ್ಬುದಪೂರ್ವ ಗಂಟುಗಳಿಗೆ ಹಚ್ಚುವ ಫ್ಲೋರೊಯುರಸಿಲ್. ಇದು ತಡಮಾಡುವುದಿಲ್ಲ, ಅರ್ಧ ಗಂಟೆಯಿಂದ ಕೆಲವು ಗಂಟೆಗಳೊಳಗೆ ಸೆಳೆತವೇಳುತ್ತದೆ. ಕಿಲೋಗ್ರಾಮಿಗೆ ಸುಮಾರು ೨೦ ಮಿಲಿಗ್ರಾಂ ಮಾರಕ; ಶೇಕಡಾ ೫ರ ಮುಲಾಮಾದರೆ ಹದಿನೈದು ಕಿಲೋಗ್ರಾಮಿನ ನಾಯಿಗೆ ಆರು ಗ್ರಾಂ ಸಾಕಾಯಿತು. ೨೦೧೭ರ ಜನವರಿಯಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತ, ಈ ಮುಲಾಮನ್ನು ಅಕಸ್ಮಾತ್ತಾಗಿ ತಿಂದು ಸತ್ತ ಐದು ನಾಯಿಗಳ ವಿಷಯವನ್ನು ಪ್ರಕಟಿಸಿ ಎಚ್ಚರಿಕೆ ಕೊಟ್ಟಿತು.

ಸೌಂದರ್ಯದ ಅಂಗಡಿಗಳಿಂದ ಹೊಸದಾಗಿ ಬಂದ ಅತಿಥಿ ಟೀ ಟ್ರೀ ಎಣ್ಣೆ. ಹೆಸರು ಹೀಗಿದ್ದರೂ ನಾವು ಕುಡಿಯುವ ಚಹಕ್ಕೂ ಇದಕ್ಕೂ ನಂಟಿಲ್ಲ. ಇದು ಆಸ್ಟ್ರೇಲಿಯದ ಮರವೊಂದರ ಎಲೆಯಿಂದ ಇಳಿಸಿದ ತೈಲ. ಮೊಡವೆಗೆ ಒಂದು ತೊಟ್ಟು ಹಚ್ಚುವ ಈ ತೈಲವನ್ನು ‘ಪ್ರಕೃತಿಸಹಜ’ವೆಂದು ನಂಬಿ ನಾಯಿಯ ಉಣ್ಣಿಗೆ ಬಟ್ಟಲಾಗಿ ಸುರಿಯುವವರಿದ್ದಾರೆ. ೨೦೦೨ರಿಂದ ೨೦೧೨ರವರೆಗೆ ಅಮೆರಿಕದ ಒಂದು ವಿಷಮಾಹಿತಿ ಕೇಂದ್ರಕ್ಕೆ ಬಂದ, ಅಪ್ಪಟ ಟೀ ಟ್ರೀ ಎಣ್ಣೆಯಿಂದಾದ ೪೪೩ ಪ್ರಕರಣಗಳನ್ನು ಸಂಶೋಧಕರು ಪರಿಶೀಲಿಸಿದರು. ಅವುಗಳಲ್ಲಿ ೩೩೭ ನಾಯಿಗಳು, ಉಳಿದುವು ಬೆಕ್ಕುಗಳು. ಮಂಕು, ತೂರಾಟ, ಹಿಂಗಾಲಿನ ನಿಶ್ಶಕ್ತಿ, ನಡುಕ ಇವು ಮುಖ್ಯ ಲಕ್ಷಣಗಳಾಗಿದ್ದುವು. ಬಹಳ ಮಂದಿ ಯಜಮಾನರು ಅದನ್ನು ಹಚ್ಚಿದುದು ಪ್ರೀತಿಯಿಂದ, ಉದ್ದೇಶಪೂರ್ವಕವಾಗಿ. ಪ್ರಕೃತಿಸಹಜವೆಂಬ ಮಾತು ಹಾವಿನ ವಿಷಕ್ಕೂ ಸಲ್ಲುತ್ತದೆಯೆಂಬುದನ್ನು ಜಾಹೀರಾತು ಬರೆಯುವವರು ಏಕೋ ಮರೆತಿದ್ದಾರೆ!

ಬೊಕ್ಕತಲೆಗೆ ಕೂದಲು ಬರಿಸುವ ಮಿನಾಕ್ಸಿಡಿಲ್ ದ್ರವ ಹೃದಯವನ್ನು ಹಿಡಿಯುತ್ತದೆ. ಬೆಕ್ಕಿಗಂತೂ ಕೆಲವು ಹನಿಗಳೇ ಅಪಾಯ. ಮುಖ ಬೆಳ್ಳಗಾಗಲೆಂದು ಹಲವರು ವೈದ್ಯರನ್ನು ಕೇಳದೆಯೇ ಹಚ್ಚಿಕೊಳ್ಳುವ ಮುಲಾಮುಗಳಲ್ಲಿ ಸ್ಟೀರಾಯ್ಡ್ ಇರುತ್ತದೆ. ೨೦೧೮ರಲ್ಲಿ ಸರ್ಕಾರ ಇಂಥ ಹಲವು ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದೆಂದು ವಿಧಿಸಿತು. ಅದನ್ನು ನೆಕ್ಕಿದ ನಾಯಿ ಕೊಡಗಟ್ಟಲೆ ನೀರು ಕುಡಿದು ಮನೆಯೆಲ್ಲ ಮೂತ್ರ ಮಾಡುತ್ತದೆ. ಅದನ್ನೇ ನಾಯಿಯ ಕಜ್ಜಿಗೆ ಹಚ್ಚಿದರೆ, ತುರಿಕೆ ಎರಡು ದಿನ ಅಡಗುತ್ತದೆ. ಮೈಯ ರಕ್ಷಣಾಶಕ್ತಿ ಕುಂದಿದುದರಿಂದ ನುಸಿಗೆ ಸುಗ್ಗಿಯಾಗುತ್ತದೆ.

ನಾಯಿ ಇಂಥದೊಂದನ್ನು ನೆಕ್ಕಿತೆಂದು ತಿಳಿದಾಗ ಏನು ಮಾಡಬೇಕು? ಮೈಮೇಲೆ ಉಳಿದಿದ್ದರೆ ಉಗುರುಬೆಚ್ಚಗಿನ ನೀರಿನಲ್ಲಿ, ಮೃದುವಾದ ಸಾಬೂನಿನಿಂದ ಕೂಡಲೆ ತೊಳೆಯಬೇಕು. ಒಣಗುವವರೆಗೆ ನೆಕ್ಕಲು ಬಿಡಬಾರದು. ವಾಂತಿ ಮಾಡಿಸಲು ಉಪ್ಪುನೀರು ಕುಡಿಸುವ ರೂಢಿ ನಮ್ಮಲ್ಲಿದೆ, ಅದು ಕೂಡದು. ಹೆಚ್ಚಾದ ಉಪ್ಪು ತಾನೇ ಮಿದುಳಿಗೆ ವಿಷವಾಗುತ್ತದೆ. ಕರ್ಪೂರ, ಸೀಮೆಎಣ್ಣೆ, ಘಾಟಿನ ತೈಲಗಳ ವಿಷಯದಲ್ಲಿ ವಾಂತಿ ಮಾಡಿಸುವುದೇ ಕೇಡು. ಹಾಲು ಎಳನೀರುಗಳಿಂದ ವಿಷ ಇಳಿಯುವುದಿಲ್ಲ. ಖಾಲಿ ಕೊಳವೆಯನ್ನು ಎಸೆಯದೆ, ಅಗಿದು ಚೂರಾಗಿದ್ದರೂ ಸರಿಯೆ, ನಾಯಿಯೊಡನೆಯೇ ಪಶುವೈದ್ಯರಲ್ಲಿಗೆ ಒಯ್ಯಬೇಕು. ಅದರ ಮೇಲಿನ ಸಣ್ಣಕ್ಷರಗಳೂ ನಾಯಿಯ ತೂಕವೂ ತಿಳಿದರೆ ವೈದ್ಯರು ಮೇಲೆ ನಾವು ಮಾಡಿದ ಲೆಕ್ಕವನ್ನೇ ಮಾಡಿ, ಎಷ್ಟು ಹೊತ್ತು ಉಳಿದಿದೆಯೆಂದು ಹೇಳಬಲ್ಲರು. ‘ಏನೋ ಒಂದು ಮುಲಾಮು, ಸ್ವಾಮಿ’ ಎಂದರೆ ಅವರ ಕೈ ಕಟ್ಟಿದಂತೆ. ಮನೆಮದ್ದು ಹಚ್ಚಿದ್ದರೆ ಅದನ್ನು ಹೇಳಲು ನಾಚಿಕೊಳ್ಳಬೇಕಾದುದಿಲ್ಲ. ಕರ್ಪೂರದ ಎಣ್ಣೆಯನ್ನು ಮುಚ್ಚಿಟ್ಟು ಸೆಳೆತಕ್ಕೆ ಕಾರಣ ಹುಡುಕಿರೆಂದರೆ ಅವರು ಎಲ್ಲಿ ಹುಡುಕಿಯಾರು?

ಮೊಣಕಾಲಿನ ಹಿರಿಯರ ನಾಯಿ ಉಳಿಯಿತು. ಜಠರದ ಹುಣ್ಣಿಗೆ ಮೂರು ವಾರ ಔಷಧ ನಡೆಯಿತು, ಒಂದು ತಿಂಗಳು ಗಂಜಿಯೂಟವಾಯಿತು. ಈಚೆಗೆ ನಾವು ಹೋಗಿದ್ದಾಗ ಯಜಮಾನರು ಕಾಲಿಗೆ ಮುಲಾಮನ್ನು ತಿಕ್ಕಿಕೊಂಡು, ಕೈಯನ್ನು ಸಾಬೂನಿನಿಂದ ತೊಳೆದು, ಮೊಣಕಾಲಿಗೆ ಹಳೆಯ ಪಂಚೆಯ ತುಂಡೊಂದನ್ನು ಸುತ್ತಿ ಕಟ್ಟಿಕೊಂಡರು. ಕೊಳವೆಯನ್ನು ಗೋಡೆಯ ಮೇಲಿನ ಗೂಡಿನಲ್ಲಿಟ್ಟರು. ಅನಂತರವೇ ನಾಯಿಗೆ ಒಳಗೆ ಬರಲು ಅಪ್ಪಣೆಯಾಯಿತು. ಅದು ಬಂದು, ಕಟ್ಟಿದ ಬಟ್ಟೆಯನ್ನು ಎರಡು ಸಲ ಮೂಸಿ ನೋಡಿ, ಅವರ ಇನ್ನೊಂದು ಕಾಲಿನ ಬಳಿಗೆ ಹೋಗಿ ಮಲಗಿಕೊಂಡಿತು.